ಬಿದ್ದವಳದೇ ತಪ್ಪೇ?

ಕನ್ನಡದಲ್ಲಿ ‘ಬೀಳು’ ಎಂಬ ಕ್ರಿಯಾಪದಕ್ಕೆ ‘ಬೀಳಿಸು’ ಎಂಬ ಜೋಡಿಯೂ ಇದೆ. ಆದರೆ ಆಸ್ಪತ್ರೆಯ ವಾರ್ಡಿನಲ್ಲಿ ನರ್ಸೋ ಆಯಾಳೋ ಜಾರಿದರೆ ನಮ್ಮ ಬಾಯಿಗೆ ಬರುವುದು ಮೊದಲನೆಯದಷ್ಟೇ: ‘ಬಿದ್ದಳಂತೆ. ನೋಡ್ಕೊಂಡು ನಡೀಬಾರದಾ?’ ಬೀಳಿಸಿದ್ದು ಯಾವುದು ಎಂದು ಯಾರೂ ಕೇಳುವುದಿಲ್ಲ. ನನ್ನ ತಕರಾರು ಈ ವ್ಯಾಕರಣದ ಮೇಲೆ.

ಚಿತ್ರದುರ್ಗದವರಿಗೆ ಜಾರುವ ನೆಲ ಹೊಸದಲ್ಲ. ಚಂದ್ರವಳ್ಳಿಯ ಅಂಕಲಿ ಮಠದ ಗುಹೆಗೆ ಹೋಗುವವರು ಟಾರ್ಚ್ ಹಿಡಿದವರ ಹಿಂದೆಯೇ ಇಳಿಯುತ್ತಾರೆ. ಒಳಗೆ ಕತ್ತಲು, ಮೆಟ್ಟಿಲು ಜೋಪಾನ ಎಂದು ಎಲ್ಲರೂ ಒಪ್ಪುತ್ತೇವೆ. ವರ್ಷಕ್ಕೊಮ್ಮೆ ಗುಹೆ ನೋಡಲು ಬರುವವರಿಗೆ ಸಿಗುವ ಈ ಕಾಳಜಿ, ದಿನವಿಡೀ ಒದ್ದೆ ನೆಲದ ಮೇಲೆ ಓಡಾಡುವವಳಿಗೆ ಬೇಡವೇ?

ನಾನು ಬಲ್ಲ ನರ್ಸ್ ಒಬ್ಬರು ರಾತ್ರಿ ಪಾಳಿಯಲ್ಲಿ ಸಲೈನ್ ಬಾಟಲಿ ಹಿಡಿದು ಓಡುವಾಗ ಜಾರಿ ಮಣಿಕಟ್ಟು ಮುರಿದುಕೊಂಡರು. ನೆಲ ಆಗಷ್ಟೇ ಒರೆಸಿದ್ದು. ಕಾರಿಡಾರಿನ ಟ್ಯೂಬ್‌ಲೈಟು ಕೆಟ್ಟು ಎಷ್ಟೋ ದಿನವಾಗಿತ್ತು. ರಜೆ ಅವರ ಲೆಕ್ಕದಲ್ಲೇ ಕಳೆಯಿತು. ಬೈಗುಳ ನೆಲ ಒರೆಸಿದ ಗುತ್ತಿಗೆಯ ಹೆಂಗಸಿನ ಪಾಲಾಯಿತು. ಲೈಟು ಹಾಕಿಸಬೇಕಿದ್ದವರನ್ನು ಯಾರೂ ವಿಚಾರಿಸಲಿಲ್ಲ.

ಕಾನೂನಿಗೆ ಈ ವಿಷಯ ಗೊತ್ತಿಲ್ಲದ್ದೇನಲ್ಲ. ನೆಲ, ಮೆಟ್ಟಿಲು, ಓಡಾಡುವ ದಾರಿಗಳು ಗಟ್ಟಿಯಾಗಿರಬೇಕು, ಜಾರಿಸುವಂಥ ವಸ್ತು ಅಲ್ಲಿರಬಾರದು, ಅಗತ್ಯವಿದ್ದಲ್ಲಿ ಹಿಡಿಕಂಬಿ ಇರಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯ 32ನೇ ಕಲಂ ವಿಧಿಸಿತು. ಆದರೆ ಅದು ಕಾರ್ಖಾನೆಗೆ. ರೋಗಿಯ ಆರೈಕೆ ‘ಉತ್ಪಾದನೆ’ಯಲ್ಲವಾದ್ದರಿಂದ ವಾರ್ಡು ಹೊರಗುಳಿಯಿತು. ಇನ್ನು ‘ಅವಳದೇ ಅಜಾಗರೂಕತೆ’ ಎಂಬ ಮಾತು. ಬ್ರಿಟಿಷರ ಕಾಲದ, 1923ರ ಕಾರ್ಮಿಕ ಪರಿಹಾರ ಕಾಯ್ದೆ ಕೂಡ ಕುಡಿತ, ಬೇಕೆಂದೇ ನಿಯಮ ಮುರಿಯುವುದು ಇಂಥವನ್ನು ಹೆಸರಿಸಿತೇ ಹೊರತು, ಬರಿಯ ಅಜಾಗರೂಕತೆಯನ್ನು ಪರಿಹಾರ ನಿರಾಕರಿಸುವ ಕಾರಣವೆಂದು ಒಪ್ಪಲಿಲ್ಲ. ನೂರು ವರ್ಷದ ಹಿಂದಿನ ಆ ಕಾಯ್ದೆಗಿದ್ದ ವಿವೇಕ ನಮ್ಮ ಮಾತಿಗೆ ಇನ್ನೂ ಬಂದಿಲ್ಲ.

‘ನೆಲ ಒರೆಸದಿದ್ದರೆ ಸೋಂಕು ಹರಡುತ್ತದಲ್ಲ?’ ಎನ್ನುವವರಿದ್ದಾರೆ. ಒರೆಸಬೇಡಿ ಎಂದವರಾರು? ಅರ್ಧ ಕಾರಿಡಾರು ಒರೆಸಿ, ಅದು ಒಣಗಿದ ಮೇಲೆ ಇನ್ನರ್ಧಕ್ಕೆ ಹೋಗಿ. ಫಲಕ ಇಡಿ. ಪಾಳಿ ಬದಲಾಗುವ ಗಡಿಬಿಡಿಯ ಹೊತ್ತು ಬಿಟ್ಟು ಒರೆಸಿ. ಜಾರದ ಚಪ್ಪಲಿ ಕೊಡಿ. ಒಬ್ಬಳೇ ಮೂವರ ಕೆಲಸ ಮಾಡಿದರೆ ಓಡದೆ ಗತಿಯಿಲ್ಲ. ಆದ್ದರಿಂದ ಜನರನ್ನು ನೇಮಿಸಿ. ಇವುಗಳಲ್ಲಿ ದುಬಾರಿಯಾದದ್ದು ಕೊನೆಯದೊಂದೇ. ಮಿಕ್ಕವನ್ನೂ ಮಾಡದಿರುವುದಕ್ಕೆ ಬಡತನ ಕಾರಣವಲ್ಲ.

ರೋಗಿ ಬಿದ್ದರೆ ಎನ್‌ಎಬಿಎಚ್ ಮಾನ್ಯತೆಯ ಆಸ್ಪತ್ರೆಗಳು ಅದನ್ನು ಗುಣಮಟ್ಟದ ಸೂಚಕವೆಂದು ಲೆಕ್ಕ ಇಡುತ್ತವೆ. ಇಡಲೇಬೇಕು. ಸಿಬ್ಬಂದಿ ಬಿದ್ದದ್ದಕ್ಕೂ ಪ್ರತಿ ಆಸ್ಪತ್ರೆಯಲ್ಲಿ ಅಂಥದೇ ಒಂದು ರಿಜಿಸ್ಟರು ಇರಲಿ: ಎಲ್ಲಿ, ಎಷ್ಟು ಹೊತ್ತಿಗೆ, ನೆಲ ಹೇಗಿತ್ತು, ಬೆಳಕಿತ್ತೇ. ಗುತ್ತಿಗೆಯವರ ಹೆಸರೂ ಅದರಲ್ಲಿ ಬರಲಿ. ‘ನೋಡ್ಕೊಂಡು ನಡೀಬಾರದಾ’ ಎನ್ನುವ ಮೇಲಧಿಕಾರಿ ಮೊದಲು ಆ ರಿಜಿಸ್ಟರು ತೆಗೆದು ತೋರಿಸಲಿ.