ಆನೆಕಾಲಿಗೆ ಲೇಸರ್: ಸಾಬೂನಿನ ಸರದಿ ಮೊದಲು

ಕಲಬುರಗಿ ಜಿಲ್ಲೆಯಲ್ಲಿ ಆನೆಕಾಲು ರೋಗದ ಚರ್ಚೆ ಶುರುವಾಗುವುದೂ ಮುಗಿಯುವುದೂ ಮಾತ್ರೆಯಲ್ಲೇ. ಮನೆಮನೆಗೆ ಬಂದು ಎದುರಿಗೇ ನುಂಗಿಸುವ ಡಿಇಸಿ, ಆಲ್ಬೆಂಡಜೋಲ್ ಮಾತ್ರೆಗಳು ರಕ್ತದಲ್ಲಿನ ಮರಿಹುಳುಗಳನ್ನು ಕೊಂದು ಸೋಂಕು ಹರಡದಂತೆ ತಡೆಯುತ್ತವೆ. 2027ಕ್ಕೆ ರೋಗ ನಿರ್ಮೂಲನೆ ಎಂದು ದೇಶ ಗುರಿ ಹಾಕಿಕೊಂಡಿರುವುದೂ ಇವುಗಳನ್ನು ನಂಬಿಯೇ. ಆದರೆ ರಾವೂರ, ವಾಡಿ, ಶಹಾಬಾದ್ ಸೀಮೆಯಲ್ಲಿ ಈಗಾಗಲೇ ಕಾಲು ಬಾತು ಫರ್ಸಿ ಗಣಿಯ ಕೂಲಿಗೂ ಹೋಗಲಾರದವರಿಗೆ ಮಾತ್ರೆಯೊಂದರಿಂದ ಕಾಲು ಇಳಿಯದು.

ಹುಳುಗಳು ದುಗ್ಧನಾಳಗಳನ್ನು ಕೆಡಿಸಿದ ಮೇಲೆ ದ್ರವ ಕಾಲಲ್ಲೇ ನಿಲ್ಲುತ್ತದೆ. ಮೊದಮೊದಲು ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆ, ರಾತ್ರಿ ಮಲಗೆದ್ದರೆ ಬಾವು ಇಳಿದಿರುತ್ತದೆ. ಬೆರಳ ಸಂದಿನ ಬಿರುಕಿನಿಂದ ಬ್ಯಾಕ್ಟೀರಿಯಾ ಒಳಹೊಕ್ಕಾಗ ಚಳಿಜ್ವರ, ಉರಿ, ಮೂರ್ನಾಲ್ಕು ದಿನ ಹಾಸಿಗೆ. ಹೀಗೆ ಪ್ರತಿ ಸಲ ಜ್ವರ ಬಂದು ಹೋದಾಗಲೂ ಚರ್ಮದಡಿ ನಾರು ಗಟ್ಟಿಯಾಗುತ್ತಾ ಹೋಗುತ್ತದೆ. ಕೊನೆಗೆ ಒತ್ತಿದರೂ ಗುಳಿ ಬೀಳದ, ಜಾಲಿಮರದ ತೊಗಟೆಯಂಥ ಚರ್ಮ.

ಈ ಗಟ್ಟಿತನವನ್ನು ಮೆದುಗೊಳಿಸಲು ಬಳಸುವುದು ಕಡಿಮೆ ಶಕ್ತಿಯ ಲೇಸರ್. ಇದು ಕೊಯ್ಯುವುದಿಲ್ಲ, ಸುಡುವುದಿಲ್ಲ. 904 ನ್ಯಾನೊಮೀಟರ್‌ನಂಥ, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಚರ್ಮದ ಬಿಂದು ಬಿಂದುವಿಗೆ ಹಾಯಿಸುತ್ತಾರೆ. ಉರಿಯೂತ ತಗ್ಗಿ ದುಗ್ಧದ ಹರಿವು ಸುಧಾರಿಸುತ್ತದೆ ಎಂಬುದು ಇದರ ಹಿಂದಿನ ತರ್ಕ. ಸ್ತನ ಕ್ಯಾನ್ಸರ್ ಚಿಕಿತ್ಸೆಯ ನಂತರ ತೋಳು ಬಾತವರಲ್ಲಿ ಇದರಿಂದ ಸ್ವಲ್ಪಮಟ್ಟಿನ ಗುಣ ಕಂಡಿದೆ. ಆನೆಕಾಲಿನ ಮೇಲೆ ನಡೆದ ಪರೀಕ್ಷೆಗಳು ಕಡಿಮೆ. ಲೇಸರ್ ಬರಲಿ, ಬೇಡವೆನ್ನುವವನು ನಾನಲ್ಲ. ಆದರೆ ವಾರಕ್ಕೆ ಎರಡು ಮೂರು ಸಲದಂತೆ ವಾರಗಟ್ಟಲೆ ಮಾಡಿಸಬೇಕಾದ ಚಿಕಿತ್ಸೆ ಕಲಬುರಗಿಯಲ್ಲಿ ಮಾತ್ರ ಸಿಗುವುದಾದರೆ ಚಿಂಚೋಳಿಯ ಕೂಲಿಯವನಿಗೆ ಅದು ಇದ್ದೂ ಇಲ್ಲದಂತೆ.

ದಾರಿ ತೋರಿಸುವ ಉದಾಹರಣೆ ಕನ್ನಡದ ನೆಲದ ಅಂಚಿನಲ್ಲೇ ಇದೆ. ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯಲ್ಲಿ ಡಾ. ಎಸ್.ಆರ್. ನರಹರಿ ಮತ್ತು ಸಂಗಡಿಗರು ಸಾಬೂನಿನ ತೊಳೆತ, ಆಯುರ್ವೇದ, ಯೋಗ, ಬಿಗಿಪಟ್ಟಿ ಎಲ್ಲವನ್ನೂ ಸೇರಿಸಿ ಒಂದು ಚಿಕಿತ್ಸಾ ಕ್ರಮ ರೂಪಿಸಿದರು. ಅದನ್ನು ಆಲಪ್ಪುಳದ ಜೊತೆಗೆ, ಆಗ ಗುಲ್ಬರ್ಗ ಎನ್ನುತ್ತಿದ್ದ ನಮ್ಮ ಜಿಲ್ಲೆಯಲ್ಲೂ ಪ್ರಯೋಗಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಮನೆಯಲ್ಲೇ ಮಾಡಿಕೊಳ್ಳುವ ಆರೈಕೆಯಿಂದ ಬಾವೂ ಇಳಿದಿತ್ತು, ಜ್ವರದ ಕಾಟವೂ ತಗ್ಗಿತ್ತು. ನಮ್ಮ ಜನರ ಕಾಲಿನ ಮೇಲೇ ಸಿದ್ಧವಾದ ಪಾಠವಿದು; ಜಿಲ್ಲೆಯಲ್ಲಿ ಇದರ ಮಾತೇ ಕೇಳಿಬರುವುದಿಲ್ಲ.

ಸೊಳ್ಳೆಯ ವಿಷಯದಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ. ಜನ ಬೆರಳು ತೋರಿಸುವುದು ಪಾಳುಬಿದ್ದ ಗಣಿಹೊಂಡಗಳ ಕಡೆಗೆ. ಆದರೆ ಈ ರೋಗ ಹರಡುವ ಕ್ಯೂಲೆಕ್ಸ್ ಸೊಳ್ಳೆಗೆ ಹೆಚ್ಚು ಇಷ್ಟ ಹೊಲಸು ನೀರು. ಮನೆ ಮುಂದಿನ ತೆರೆದ ಚರಂಡಿಯೇ ಅದರ ತವರು.

ಆರೋಗ್ಯ ಇಲಾಖೆ ಮಾಡಬೇಕಾದದ್ದು ಇಷ್ಟು. ಬಾತ ಕಾಲಿನ ಪ್ರತಿಯೊಬ್ಬರಿಗೂ ಟಬ್, ಸಾಬೂನು, ಟವೆಲ್, ಮುಲಾಮಿನ ಕಿಟ್ ಕೊಡಲಿ. ಅದನ್ನು ಬಳಸುವುದನ್ನು, ಅದರಲ್ಲೂ ಬೆರಳ ಸಂದು ಒರೆಸಿ ಒಣಗಿಸುವುದನ್ನು, ನರ್ಸ್ ಕೂತು ಕಲಿಸಲಿ. ಆಮೇಲೆ ಚಿತ್ತಾಪುರ, ಸೇಡಂ ತಾಲ್ಲೂಕು ಆಸ್ಪತ್ರೆಗಳಲ್ಲಿ ಒಂದೊಂದು ಲೇಸರ್ ಯಂತ್ರವಿಟ್ಟು, ಕಾಲಿನ ಸುತ್ತಳತೆ ಬರೆದಿಟ್ಟುಕೊಂಡು, ಫಲ ಎಷ್ಟೆಂದು ನೋಡಲಿ. ಅಲ್ಲಿಯವರೆಗೆ ಓದುಗರಲ್ಲಿ ಒಂದು ಮಾತು: ‘ಲೇಸರ್‌ನಿಂದ ಪೂರ್ತಿ ವಾಸಿ’ ಎಂಬ ಜಾಹೀರಾತು ನಂಬಿ ಸಾಲ ಮಾಡಬೇಡಿ.