ಕೇಳಿ ತಿಳಿಯಿರಿ, ತಿಳಿದ ಮೇಲೆ ಹಿಂಜರಿಯಬೇಡಿ

ಕ್ಯಾನ್ಸರ್ ಆಸ್ಪತ್ರೆಯಲ್ಲಿ ನಿಮ್ಮನ್ನೋ ನಿಮ್ಮ ಮನೆಯವರನ್ನೋ ಡಾಕ್ಟರು ಒಂದು ದಿನ ಕೇಳಬಹುದು: "ಕ್ಯಾನ್ಸರ್ ಕಂಡುಹಿಡಿಯೋ ಹೊಸ ಕ್ಯಾಮೆರಾ ಒಂದರ ಅಧ್ಯಯನ ನಡೀತಿದೆ, ನೀವೂ ಸೇರ್ತೀರಾ?" ಸಾಮಾನ್ಯವಾಗಿ ಬರುವ ಉತ್ತರ ಎರಡು. "ನಮ್ಮ ಮೇಲೆ ಪ್ರಯೋಗ ಬೇಡ ಸ್ವಾಮಿ" ಎಂದು ಎದ್ದುಬರುವುದು ಒಂದು. "ನೀವು ಹೇಳಿದ ಮೇಲೆ ಆಯ್ತು ಸಾರ್" ಎಂದು ತೋರಿಸಿದ ಕಡೆ ಸಹಿ ಹಾಕುವುದು ಇನ್ನೊಂದು. ಈ ಎರಡನ್ನೂ ಬಿಟ್ಟು, ಚೆನ್ನಾಗಿ ವಿಚಾರಿಸಿ, ಮನಸ್ಸಿಗೆ ಒಪ್ಪಿದರೆ ಸೇರಿಕೊಳ್ಳಿ ಎಂದು ನಿಮ್ಮಲ್ಲಿ ಬೇಡಿಕೊಳ್ಳುತ್ತೇನೆ.

ಏಕೆ ಎಂದರೆ, ಬೆಳಕಿನಿಂದ ಕೆಲಸ ಮಾಡುವ ಯಂತ್ರಕ್ಕೆ ಎಲ್ಲರ ಮೈಯೂ ಒಂದೇ ಅಲ್ಲ. ಬಾಯಿ ಕ್ಯಾನ್ಸರ್ ಪತ್ತೆಗೆ ಬಂದಿರುವ ಒಂದು ಬಗೆಯ ಉಪಕರಣವನ್ನೇ ನೋಡಿ. ಅದು ಬಾಯೊಳಗೆ ನೀಲಿ ಬೆಳಕು ಬಿಡುತ್ತದೆ. ಆರೋಗ್ಯವಾದ ಒಳಪದರ ತಿಳಿ ಹಸಿರಾಗಿ ಹೊಳೆಯುತ್ತದೆ, ಕೆಡುತ್ತಿರುವ ಜಾಗ ಕಪ್ಪಗೆ ಕಾಣುತ್ತದೆ. ಆದರೆ ಬರೀ ಉರಿಯೂತವಿದ್ದರೂ ಕಪ್ಪಗೆ ಕಾಣಬಹುದು, ಒಸಡಿನ ಸಹಜ ಕಪ್ಪು ಬಣ್ಣವೂ ಹಾಗೆಯೇ ಕಾಣಬಹುದು. ವರ್ಷಗಟ್ಟಲೆ ಅಡಿಕೆ, ಗುಟ್ಕಾ ಅಗಿದು ಕೆನ್ನೆಯ ಒಳಭಾಗ ಬಿಳಿಚಿಕೊಂಡು ಬಿಗಿದು, ಎರಡು ಬೆರಳು ಹಿಡಿಸುವಷ್ಟೂ ಬಾಯಿ ತೆರೆಯಲಾಗದವರು ನಮ್ಮ ನಡುವೆ ಎಷ್ಟೋ ಮಂದಿ ಇದ್ದಾರೆ. ಅಂಥ ಬಾಯಿಗಳನ್ನು ನೋಡದೆಯೇ ತಯಾರಾದ ಯಂತ್ರ ಇಲ್ಲಿಗೆ ಬಂದು ಹೇಳುವ ಮಾತನ್ನು ಯಾವ ಧೈರ್ಯದ ಮೇಲೆ ನಂಬುವುದು?

ಇದು ಸುಮ್ಮನೆ ಹುಟ್ಟಿದ ಅನುಮಾನವಲ್ಲ. ಕೋವಿಡ್ ಕಾಲದಲ್ಲಿ ಮನೆಮನೆಯಲ್ಲೂ ಬೆರಳಿಗೆ ಸಿಕ್ಕಿಸಿಕೊಂಡ ಆಕ್ಸಿಮೀಟರ್ ಕೂಡ ಬೆಳಕಿನ ಯಂತ್ರವೇ. ರಕ್ತದಲ್ಲಿ ಆಮ್ಲಜನಕ ಕುಸಿದಿದ್ದರೂ ಅದು ಸರಿಯಾಗಿದೆ ಎಂದು ತೋರಿಸಿದ ಪ್ರಸಂಗಗಳು ಬಿಳಿಯರಿಗಿಂತ ಕಪ್ಪು ಜನಾಂಗದವರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು ಎಂದು 2020ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ಆ ಹೊತ್ತಿಗೆ ಆಕ್ಸಿಮೀಟರ್ ದಶಕಗಳಿಂದ ಬಳಕೆಯಲ್ಲಿತ್ತು.

ಆಪರೇಷನ್ ಕೋಣೆಯ ಕಥೆಯನ್ನೂ ಕೇಳಿ. ಮಿದುಳಿನ ಕೆಲವು ಗಡ್ಡೆಗಳ ಅಂಚು ಎಲ್ಲಿ ಮುಗಿಯುತ್ತದೆ ಎಂಬುದು ಬರಿಗಣ್ಣಿಗೆ ತಿಳಿಯುವುದಿಲ್ಲ. ಆಪರೇಷನ್ನಿಗೆ ಮೊದಲು ರೋಗಿಗೆ ಒಂದು ದ್ರಾವಣ ಕುಡಿಸಿದರೆ, ನೀಲಿ ಬೆಳಕಿನಲ್ಲಿ ಗಡ್ಡೆ ಕೆಂಪಾಗಿ ಹೊಳೆಯುತ್ತದೆ. ಜರ್ಮನಿಯಲ್ಲಿ ಇದನ್ನು ಪರೀಕ್ಷಿಸಿದಾಗ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. 2006ರಲ್ಲಿ ಫಲಿತಾಂಶ ಬಂತು: ಹೊಸ ವಿಧಾನದಲ್ಲಿ ಶೇಕಡಾ 65 ರೋಗಿಗಳಲ್ಲಿ ಕಾಣುವ ಗಡ್ಡೆಯನ್ನೆಲ್ಲ ತೆಗೆಯಲು ಸಾಧ್ಯವಾಗಿತ್ತು, ಮಾಮೂಲಿ ಬೆಳಕಿನಲ್ಲಿ ಶೇಕಡಾ 36 ರೋಗಿಗಳಲ್ಲಿ ಮಾತ್ರ. ಮಾಮೂಲಿ ಬೆಳಕಿನ ಗುಂಪಿಗೆ ಬಿದ್ದವರು ಇಲ್ಲದಿದ್ದರೆ ಈ ಅಂತರ ಯಾರಿಗೂ ತಿಳಿಯುತ್ತಿರಲಿಲ್ಲ. ಅವರು ಕೊಟ್ಟದ್ದೂ ಅಷ್ಟೇ ದೊಡ್ಡದು.

ಪಕ್ಕದ ಕೇರಳದ ಉದಾಹರಣೆ ಇನ್ನೂ ಹತ್ತಿರದ್ದು. ತಿರುವನಂತಪುರ ಜಿಲ್ಲೆಯ 13 ಪಂಚಾಯಿತಿಗಳ ಜನ ಬಾಯಿ ಕ್ಯಾನ್ಸರ್ ತಪಾಸಣೆಯ ಅಧ್ಯಯನಕ್ಕೆ ಸೇರಿದ್ದರು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಗೇ ಹೋಗಿ ಬಾಯಿ ನೋಡುತ್ತಿದ್ದರು. ತಂಬಾಕು, ಮದ್ಯ ಸೇವಿಸುವವರಲ್ಲಿ ಈ ಕ್ಯಾನ್ಸರಿನ ಸಾವು ಶೇಕಡಾ 34ರಷ್ಟು ಇಳಿಯಿತು ಎಂದು 2005ರಲ್ಲಿ ಪ್ರಕಟವಾಯಿತು. ಈಗ ಬರುವ ಯಾವ ಹೊಸ ಕ್ಯಾಮೆರಾ ಆದರೂ ಈ ಸಾದಾ ತಪಾಸಣೆಗಿಂತ ತಾನು ಮೇಲು ಎಂದು ನಮ್ಮ ಊರುಗಳಲ್ಲೇ ತೋರಿಸಿಕೊಡಬೇಕು. ಅದಕ್ಕೆ ರೋಗಿಗಳಷ್ಟೇ ಅಲ್ಲ, ಆರೋಗ್ಯವಂತರೂ ಬೇಕು. ಏನೂ ಇಲ್ಲದವರಿಗೆ ಯಂತ್ರ ಎಷ್ಟು ಸಲ ಸುಳ್ಳು ಗಾಬರಿ ಹುಟ್ಟಿಸುತ್ತದೆ ಎಂಬುದು ತಿಳಿಯುವುದು ಅವರಿಂದಲೇ.

ಸೇರುವ ಮುನ್ನ ಇಷ್ಟನ್ನು ಸಂಕೋಚವಿಲ್ಲದೆ ಕೇಳಿ. ಸಂಶೋಧನೆಯನ್ನು ಪರಿಶೀಲಿಸುವ ನೈತಿಕ ಸಮಿತಿಯ ಒಪ್ಪಿಗೆ ಇದೆಯೇ? ದೇಶದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ದಾಖಲಾಗಿದೆಯೇ? 2007ರಿಂದ ನಡೆಯುತ್ತಿರುವ ಈ ನೋಂದಣಿಯನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ನೋಡಬಹುದು. ನನಗೆ ಸಿಗಬೇಕಾದ ಚಿಕಿತ್ಸೆ ತಡವಾಗುತ್ತದೆಯೇ? ಬಣ್ಣದ ಔಷಧಿ ಚುಚ್ಚುತ್ತೀರಾ, ಅದರಿಂದ ಅಲರ್ಜಿ ಆಗಬಹುದೇ? ನನ್ನ ಚಿತ್ರಗಳನ್ನು ಯಾರು ನೋಡುತ್ತಾರೆ, ಹೆಸರು ತೆಗೆದಿರುತ್ತೀರಾ? ತೊಂದರೆಯಾದರೆ ಚಿಕಿತ್ಸೆ, ಪರಿಹಾರ ಯಾರ ಹೊಣೆ? ಸಂಶೋಧನೆಗೆಂದು ಮಾಡುವ ಪರೀಕ್ಷೆಗೆ ನಿಮ್ಮಿಂದ ಹಣ ಕೇಳಬಾರದು. ನಡುವೆ ಬಿಟ್ಟುಬರುವ ಹಕ್ಕು ನಿಮಗಿದೆ. ಬಿಟ್ಟರೆಂದು ಚಿಕಿತ್ಸೆಯಲ್ಲಿ ಕೊರತೆ ಮಾಡುವಂತಿಲ್ಲ.

ಸಂಶೋಧಕರಲ್ಲೂ ಒಂದು ಮನವಿ. ಮಾಹಿತಿ ಪತ್ರವನ್ನು ರಾಯಚೂರಿನಿಂದ, ಚಾಮರಾಜನಗರದಿಂದ ಬಂದವರಿಗೂ ಅರ್ಥವಾಗುವ ಕನ್ನಡದಲ್ಲಿ ಬರೆಸಿ. ಓದಲು ಬಾರದವರಿಗೆ ಓದಿ ಹೇಳಿ. ಮನೆಯವರೊಡನೆ ಮಾತಾಡಿಕೊಂಡು ಬರಲು ಸಮಯ ಕೊಡಿ. ಕೊನೆಗೆ ನಿಮ್ಮ ಯಂತ್ರದ ಬಗ್ಗೆ ಏನು ತಿಳಿಯಿತು ಎಂಬುದನ್ನು ಸೇರಿದವರಿಗೂ ತಿಳಿಸಿ.

ಇನ್ನೊಂದು ಮಾತು. ಹೊಸ ಯಂತ್ರ "ಏನಿಲ್ಲ" ಎಂದರೂ ಡಾಕ್ಟರು ಹೇಳಿದ ಬಯಾಪ್ಸಿಯನ್ನು, ಅಂದರೆ ಚೂರು ತೆಗೆದು ಮಾಡುವ ಪರೀಕ್ಷೆಯನ್ನು, ತಪ್ಪಿಸಬೇಡಿ. ಬಯಾಪ್ಸಿ ಮಾಡಿಸಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯಕ್ಕೆ ಕಿವಿಗೊಡಬೇಡಿ. ಎರಡು ವಾರವಾದರೂ ಮಾಯದ ಹುಣ್ಣು ಬಾಯಲ್ಲಿದ್ದರೆ, ಎದೆಯಲ್ಲಿ ಗಂಟು ಕೈಗೆ ಸಿಕ್ಕಿದರೆ, ಯಾವ ಹೊಸ ಉಪಕರಣಕ್ಕೂ ಕಾಯದೆ ಇವತ್ತೇ ಹತ್ತಿರದ ಆಸ್ಪತ್ರೆಗೆ ಹೋಗಿ. ಅಲ್ಲಿ ಯಾರಾದರೂ ಅಧ್ಯಯನಕ್ಕೆ ಸೇರುತ್ತೀರಾ ಎಂದರೆ ಕೂತು ಕೇಳಿ, ತಿಳಿದುಕೊಳ್ಳಿ, ಸಮಾಧಾನವಾದರೆ ಹೂಂ ಎನ್ನಿ.