ತಿರಸ್ಕಾರವು ಪ್ರಮಾಣವೆ?

ಒಂದು ಕೃತಿಯು ಹುಟ್ಟಿದ ಕಾಲದಲ್ಲಿ ಜನರು ಅದನ್ನು ಅಲಕ್ಷ್ಯಮಾಡಿದರೆಂಬುದು ಆ ಕೃತಿಯ ದೋಷಕ್ಕೂ ಸಾಕ್ಷಿಯಾಗಲಾರದು, ಗುಣಕ್ಕೂ ಸಾಕ್ಷಿಯಾಗಲಾರದು. ಅಲಂಕಾರಶಾಸ್ತ್ರದ ಮೊದಲ ಪಾಠವನ್ನು ಓದಿದ ವಿದ್ಯಾರ್ಥಿಗೂ ಇದು ತಿಳಿದ ಮಾತು. ಹೀಗಿದ್ದರೂ ಪಾಶ್ಚಾತ್ಯರ ರಾಕ್ ಸಂಗೀತವನ್ನು ಕುರಿತು ಬರೆಯುವ ವಿಮರ್ಶಕರಲ್ಲಿಯೂ, ಅವರನ್ನು ಓದಿ ಅವರಂತೆಯೇ ಬರೆಯಲು ತೊಡಗಿರುವ ನಮ್ಮವರಲ್ಲಿಯೂ ಇದಕ್ಕೆ ವಿರುದ್ಧವಾದ ನಂಬಿಕೆಯೊಂದು ಬೇರೂರಿರುವುದು. ಅಂದು ಯಾರೂ ಕೇಳಲಿಲ್ಲ, ಆದುದರಿಂದ ಅದು ಮಹಾಕೃತಿ ಎಂಬುದೇ ಆ ನಂಬಿಕೆ. ಈ ಹೇತ್ವಾಭಾಸಕ್ಕೆ ದಿ ವೆಲ್ವೆಟ್ ಅಂಡರ್‌ಗ್ರೌಂಡ್ ಎಂಬ ತಂಡದ ಎರಡನೆಯ ಧ್ವನಿಮುದ್ರಿಕೆಯು ಗುರಿಯಾದಷ್ಟು ಮತ್ತೊಂದು ಆಗಿರಲಾರದು.

ನ್ಯೂಯಾರ್ಕು ನಗರದಲ್ಲಿ ಕೂಡಿದ ಈ ತಂಡದಲ್ಲಿ ಹಾಡುಗಳನ್ನು ಕಟ್ಟಿ ಹಾಡುತ್ತಿದ್ದವನು ಲೂ ರೀಡನು. ವೇಲ್ಸ್ ಪ್ರಾಂತದಿಂದ ಬಂದು ವಯೋಲಾ, ಆರ್ಗನ್ ಮುಂತಾದುವನ್ನು ನುಡಿಸುತ್ತಿದ್ದವನು ಜಾನ್ ಕೇಲನು. ಸ್ಟರ್ಲಿಂಗ್ ಮಾರಿಸನನು ಗಿಟಾರಿನವನು. ಡ್ರಮ್ಮುಗಳನ್ನು ನಿಂತುಕೊಂಡೇ ಬಾರಿಸುತ್ತಿದ್ದವಳು ಮೋರೀನ್ ಟಕ್ಕರಳು. ಆಂಡಿ ವಾರ್ಹಾಲನೆಂಬ ಚಿತ್ರಕಾರನ ಆಶ್ರಯದಲ್ಲಿ ಇವರ ಮೊದಲ ಧ್ವನಿಮುದ್ರಿಕೆಯು 1967ರ ಮಾರ್ಚಿಯಲ್ಲಿ ಹೊರಟಿತು. ಅದೇ ವರ್ಷ ಆ ಆಶ್ರಯವು ಕಳಚಿಹೋಯಿತು. ಸೆಪ್ಟೆಂಬರಿನಲ್ಲಿ ಕೆಲವೇ ದಿನಗಳೊಳಗೆ ಎರಡನೆಯದನ್ನು ಮುದ್ರಿಸಿದರು. ವೈಟ್ ಲೈಟ್/ವೈಟ್ ಹೀಟ್ ಎಂಬ ಹೆಸರಿನಿಂದ ಅದು 1968ರ ಜನವರಿ 30ರಂದು ವರ್ವ್ ಕಂಪೆನಿಯ ಮೂಲಕ ಪ್ರಕಟವಾಯಿತು. ಅದರಲ್ಲಿರುವುದು ಆರೇ ಹಾಡುಗಳು, ಕಾಲವು ಸುಮಾರು 40 ನಿಮಿಷ. ಅಮೆರಿಕಾದ ಬಿಲ್‌ಬೋರ್ಡ್ ಪತ್ರಿಕೆಯ 200 ಸ್ಥಾನಗಳ ಪಟ್ಟಿಯಲ್ಲಿ ಇದಕ್ಕೆ ದೊರೆತ ಅತ್ಯುನ್ನತ ಪದವಿಯು 199ನೆಯದು. ಪಂಕ್ತಿಯ ಕಡೆಯ ಎಲೆಗೆ ಒಂದೆಲೆ ಮುಂಚೆ, ಅಷ್ಟೇ.

ಆಗ ವಿಮರ್ಶೆಯೆಂಬುದು ಆ ಸಂಗೀತದಲ್ಲಿ ಇನ್ನೂ ಅಂಬೆಗಾಲಿಡುತ್ತಿದ್ದಿತು. ಕ್ರಾಡ್ಯಾಡಿ ಎಂಬ ಪತ್ರಿಕೆಯು 1966ರಲ್ಲಿ ಹುಟ್ಟಿದುದು. ರೋಲಿಂಗ್ ಸ್ಟೋನ್ ಪತ್ರಿಕೆಯು 1967ರ ನವೆಂಬರಿನಲ್ಲಿ, ಅದೂ ದೇಶದ ಇನ್ನೊಂದು ಅಂಚಿನ ಸಾನ್ ಫ್ರಾನ್ಸಿಸ್ಕೋ ನಗರದಲ್ಲಿ, ಕಣ್ದೆರೆದುದು. ಹಿಂದಿನ ಬೇಸಗೆಯಲ್ಲಿ ಬೀಟಲ್ಸ್ ತಂಡದ ಸಾರ್ಜೆಂಟ್ ಪೆಪ್ಪರ್ ಬಂದು, ಬಣ್ಣಬಣ್ಣದ ವಾದ್ಯವಿನ್ಯಾಸಗಳೂ ಪ್ರೇಮ-ಶಾಂತಿಗಳ ಸಂದೇಶಗಳೂ ಎಲ್ಲೆಲ್ಲಿಯೂ ಮೆರೆಯುತ್ತಿದ್ದುವು. ಅಂಥ ಹೊತ್ತಿನಲ್ಲಿ ಕಪ್ಪಿನ ಮೇಲೆ ಕಪ್ಪಾಗಿ ತಲೆಬುರುಡೆಯ ಚಿತ್ರವನ್ನು ಅಚ್ಚುಹಾಕಿದ ಹೊದಿಕೆಯೊಳಗೆ ಕಿವಿಗೆ ಕಟುವಾದ ಧ್ವನಿಯನ್ನು ತುಂಬಿಕೊಂಡು ಬಂದ ಈ ಮುದ್ರಿಕೆಯನ್ನು ಹೆಚ್ಚಿನವರು ಕೈಗೆ ತೆಗೆದುಕೊಳ್ಳದೆಯೇ ಬಿಟ್ಟರು. ಕಡೆಯ ಹಾಡನ್ನು ಮುದ್ರಿಸುವಾಗ ಯಂತ್ರವನ್ನು ನೋಡಿಕೊಳ್ಳುತ್ತಿದ್ದಾತನು, ಇದನ್ನು ಕೇಳಬೇಕಾದ ಋಣ ತನಗಿಲ್ಲವೆಂಬ ಭಾವದಿಂದ ಗುಂಡಿಯೊತ್ತಿ ಕೊಠಡಿಯಿಂದ ಹೊರಟುಹೋದನೆಂಬ ಕಥೆಯೊಂದನ್ನು ರೀಡನು ಮುಂದೆ ಹೇಳುತ್ತಿದ್ದನು. ಕಥೆಯು ನಿಜವಾಗಿದ್ದರೆ ಆತನೇ ಈ ಕೃತಿಯ ಮೊದಲ ವಿಮರ್ಶಕನು. ಆತನಲ್ಲಿ ಒಂದು ಪ್ರಾಮಾಣಿಕತೆಯಾದರೂ ಇದ್ದಿತು: ಕೇಳದವನು ಕೇಳಿದೆನೆಂದು ಹೇಳಿಕೊಳ್ಳಲಿಲ್ಲ.

ಆದರೆ ಅಂದು ಒಬ್ಬನೂ ಕಿವಿಗೊಡಲಿಲ್ಲವೆಂಬುದು ಸುಳ್ಳು. ಅದೇ 1968ರಲ್ಲಿ ಕ್ರಾಡ್ಯಾಡಿ ಪತ್ರಿಕೆಯಲ್ಲಿ ವೇನ್ ಮ್ಯಾಗ್ವಾಯರನೆಂಬವನು ದೀರ್ಘವಾದ ಲೇಖನವನ್ನು ಬರೆದು ಈ ತಂಡವನ್ನು ಅತ್ಯುಕ್ತಿಯಾಗಿ ಕೊಂಡಾಡಿದನು. ತಂಡವು ನ್ಯೂಯಾರ್ಕನ್ನು ಬಿಟ್ಟು ಬಾಸ್ಟನ್ ನಗರದ ಸಭಾಂಗಣಗಳಲ್ಲಿ ಮತ್ತೆ ಮತ್ತೆ ನುಡಿಸಿ ಅಲ್ಲಿ ತನ್ನದೇ ಆದ ಶ್ರೋತೃವರ್ಗವನ್ನು ಗಳಿಸಿದ್ದಿತು. ಅಲಕ್ಷ್ಯವು ಬಹಳವಾಗಿ ಇದ್ದಿತು, ಪೂರ್ಣವಾಗಿ ಇರಲಿಲ್ಲ. ಪುರಾಣವನ್ನು ಕಟ್ಟುವವರಿಗೆ ಈ ಬಗೆಯ ಅಲ್ಪವ್ಯತ್ಯಾಸಗಳು ರುಚಿಸುವುದಿಲ್ಲ.

ಪುರಾಣವೇನೆಂಬುದನ್ನೂ ನೋಡಬೇಕು. 1982ರಲ್ಲಿ ಬ್ರಯನ್ ಈನೋ ಎಂಬ ಸಂಗೀತಗಾರನು ಪತ್ರಿಕೆಯವರೊಡನೆ ಮಾತನಾಡುತ್ತ, ತಂಡದ ಮೊದಲ ಮುದ್ರಿಕೆಯು ಐದು ವರ್ಷಗಳಲ್ಲಿ 30,000 ಪ್ರತಿಗಳಷ್ಟೇ ಮಾರಿದುದಾಗಿಯೂ, ಕೊಂಡವರೆಲ್ಲರೂ ತಾವೊಂದು ತಂಡ ಕಟ್ಟಿದುದಾಗಿಯೂ ವಿನೋದವಾಗಿ ನುಡಿದನು. ಅಂದಿನಿಂದ ಈ ಮಾತು ಲೇಖನದಿಂದ ಲೇಖನಕ್ಕೆ ನಡೆದುಬಂದಿದೆ. ಮೊದಲ ಮುದ್ರಿಕೆಯನ್ನು ಕುರಿತು ಹೇಳಿದುದನ್ನು ಎರಡನೆಯದಕ್ಕೂ ಧಾರಾಳವಾಗಿ ಹಚ್ಚಿದ್ದಾರೆ. 1969ರ ಫೆಬ್ರವರಿಯ ಹೊತ್ತಿಗೇ ಮೊದಲನೆಯದು 58,000ಕ್ಕೂ ಹೆಚ್ಚು ಪ್ರತಿಗಳು ಮಾರಿದ್ದುವೆಂದು ಕಂಪೆನಿಯ ಲೆಕ್ಕಪತ್ರವೊಂದರಿಂದ ಆಮೇಲೆ ಹೊರಬಿದ್ದಿದೆ. ಆದರೂ ಮಾತು ನಿಂತಿಲ್ಲ. ಮುಂದಿನ ಕುರಿ ಹಾರಿದ ಕಡೆಯಲ್ಲಿ ಹಿಂದಿನ ಕುರಿಯೂ ಹಾರುವ ಗಡ್ಡರಿಕಾಪ್ರವಾಹ ನ್ಯಾಯಕ್ಕೆ ಇದಕ್ಕಿಂತ ಉದಾಹರಣೆ ಬೇಕೆ?

ಬಳಿಕ ಸನ್ಮಾನಗಳು ಬಂದುವು. 1996ರಲ್ಲಿ ರಾಕ್ ಸಂಗೀತದ ಕೀರ್ತಿಮಂದಿರಕ್ಕೆ ತಂಡವನ್ನು ಸೇರಿಸಿದರು. ರೋಲಿಂಗ್ ಸ್ಟೋನ್ ಪತ್ರಿಕೆಯು ಸಾರ್ವಕಾಲಿಕವಾದ 500 ಮುದ್ರಿಕೆಗಳ ಪಟ್ಟಿಯನ್ನು ಮಾಡಿ, 2003ರಲ್ಲಿ ಇದಕ್ಕೆ 292ನೆಯ ಸ್ಥಾನವನ್ನೂ 2020ರಲ್ಲಿ 272ನೆಯದನ್ನೂ ಕೊಟ್ಟಿತು. ಹದಿನೇಳು ವರ್ಷಗಳಲ್ಲಿ ಕೃತಿಯು ಇಪ್ಪತ್ತು ಮೆಟ್ಟಿಲು ಮೇಲೇರಿತಂತೆ! ಅದರೊಳಗಿನ ಒಂದು ಸ್ವರವೂ ಬದಲಾಗಿಲ್ಲ. ಅಂದಿನ ವ್ಯಾಪಾರಿಯ ಪಟ್ಟಿಯಲ್ಲಿ 199, ಇಂದಿನ ವಿಮರ್ಶಕನ ಪಟ್ಟಿಯಲ್ಲಿ 272. ಒಂದನ್ನು ಹಳಿದು ಇನ್ನೊಂದನ್ನು ಶಿರಸಾವಹಿಸುವುದಕ್ಕೆ ಕಾರಣವೇನೆಂಬುದು ತಿಳಿಯದು. ಎರಡೂ ಅಂಕಿಗಳೇ ಹೊರತು ಆಸ್ವಾದವಲ್ಲ.

ಪಟ್ಟಿಯನ್ನು ಬಿಟ್ಟು ಗದ್ಯಕ್ಕೆ ಬಂದರೂ ಸ್ಥಿತಿಯು ಉತ್ತಮವಾಗುವುದಿಲ್ಲ. ಈ ಮುದ್ರಿಕೆಯಿಂದ ಮುಂದೆ ಪಂಕ್ ಎಂಬ ಪಂಥವು ಹುಟ್ಟಿತು, ಕೋಲಾಹಲವನ್ನೇ ಸಂಗೀತವಾಗಿ ನುಡಿಸುವವರು ಹುಟ್ಟಿದರು, ಆದುದರಿಂದ ಇದು ಪೂಜ್ಯ—ಹೀಗೆ ಸಾಗುತ್ತದೆ ವಾದ. ಮಕ್ಕಳು ಮೊಮ್ಮಕ್ಕಳ ಎಣಿಕೆಯಿಂದ ತಂದೆಯ ವಂಶಾವಳಿಯು ಉದ್ದವಾಗಬಹುದು. ಆತನ ಕವಿತ್ವವು ಅದರಿಂದ ನಿರ್ಣಯವಾಗಲಾರದು. ಪಂಪನ ಮಹಿಮೆಯನ್ನು ರನ್ನ ಪೊನ್ನರ ಸಂಖ್ಯೆಯಿಂದ ಅಳೆಯುವವನನ್ನು ನಮ್ಮ ಯಾವ ಪಾಠಶಾಲೆಯಲ್ಲಿಯೂ ಮೇಲಿನ ತರಗತಿಗೆ ಬಿಡುತ್ತಿರಲಿಲ್ಲ.

ಹಾಗಾದರೆ ಆ ಮುದ್ರಿಕೆಯಲ್ಲಿ ಇರುವುದೇನು? ಇದನ್ನು ಕೇಳಿ ಹೇಳಬೇಕಾಗಿದ್ದುದು ವಿಮರ್ಶಕನ ಕೆಲಸ. ಗದ್ದಲವೆಂದು ತೆಗಳಿದವರೂ ಗದ್ದಲವೆಂದೇ ಹೊಗಳಿದವರೂ ಗಮನಿಸದೆ ಬಿಟ್ಟ ಮುಖ್ಯಾಂಶವು ಅದರ ಆಧಾರಶ್ರುತಿ. ಕೇಲನು ಈ ತಂಡಕ್ಕೆ ಬರುವುದಕ್ಕೆ ಮುಂಚೆ ಲಾ ಮಾಂಟ್ ಯಂಗ್ ಎಂಬ ಸಂಗೀತಕಾರನ ಗೋಷ್ಠಿಯಲ್ಲಿ ಇದ್ದವನು. ಆ ಗೋಷ್ಠಿಯವರು ಒಂದೆರಡು ಸ್ವರಗಳನ್ನು ಹಿಡಿದು ಗಂಟೆಗಟ್ಟಲೆ ಬಿಡದೆ ನುಡಿಸುತ್ತಿದ್ದರು. ಅದಕ್ಕಾಗಿ ಕೇಲನು ತನ್ನ ವಯೋಲಾದ ಕುದುರೆಯನ್ನು ಮಟ್ಟಸವಾಗಿ ಮಾಡಿಕೊಂಡು, ಗಿಟಾರಿನ ತಂತಿಗಳನ್ನು ಬಿಗಿದು, ಒಂದೇ ಕಮಾನಿನಿಂದ ಹಲವು ತಂತಿಗಳು ಏಕಕಾಲದಲ್ಲಿ ನುಡಿಯುವಂತೆ ಏರ್ಪಡಿಸಿಕೊಂಡಿದ್ದನು. ಯಂಗನಿಗೆ ಈ ದೀರ್ಘಸ್ವರದ ಹುಚ್ಚು ಹತ್ತಿದುದಕ್ಕೆ ಇದ್ದ ಕಾರಣಗಳಲ್ಲಿ ಒಂದು, 1955ರಲ್ಲಿ ಅಮೆರಿಕಾದಲ್ಲಿ ಮುದ್ರಿತವಾದ ಉಸ್ತಾದ್ ಅಲಿ ಅಕ್ಬರ್ ಖಾನರ ಸರೋದಿನ ಪ್ಲೇಟು, ಅದರಲ್ಲಿ ಕೇಳಿಬರುವ ತಂಬೂರಿ. ಈ ಮಾತು ಕೇಳಿದೊಡನೆಯೇ ಎಲ್ಲವೂ ನಮ್ಮಿಂದಲೇ ಹೋದುದೆಂದು ಎದೆಯುಬ್ಬಿಸುವವರು ನಮ್ಮಲ್ಲಿದ್ದಾರೆ. ಅವರು ಸ್ವಲ್ಪ ತಾಳಬೇಕು. ಯಂಗನು ಕಿರಾಣಾ ಘರಾಣೆಯ ಪಂಡಿತ ಪ್ರಾಣನಾಥರಿಗೆ ಶಿಷ್ಯನಾದುದು 1970ರಲ್ಲಿ; ಈ ಮುದ್ರಿಕೆಯಾಗಿ ಎರಡು ವರ್ಷವಾದ ಬಳಿಕ. ತಂಬೂರಿಯು ಗಾಯಕನನ್ನು ಹೊತ್ತು ನಿಲ್ಲುವುದಕ್ಕಾಗಿ ಇರುವುದು. ಇವರಲ್ಲಿಯಾದರೋ ಶ್ರುತಿಯೇ ಎದ್ದು ನಿಂತು ಗಾಯಕನೊಡನೆ ಕಾಳಗಕ್ಕೆ ಇಳಿಯುತ್ತದೆ. ಇದು ಬೇರೆಯೇ ಆದ ಬಗೆ.

ಸಿಸ್ಟರ್ ರೇ ಎಂಬ ಕಡೆಯ ಹಾಡಿನಲ್ಲಿ ಇದು ಸ್ಪಷ್ಟವಾಗುವುದು. ಹದಿನೇಳೂವರೆ ನಿಮಿಷಗಳ ಈ ಹಾಡನ್ನು ಒಂದೇ ಬಾರಿಗೆ, ತಿದ್ದುಪಾಟಿಲ್ಲದೆ ನುಡಿಸಿ ಮುಗಿಸಿದರು. ಬೇಸ್ ಗಿಟಾರು ಇಲ್ಲ. ಕೇಲನು ಆರ್ಗನ್ನನ್ನು ಗಿಟಾರಿನ ಧ್ವನಿವರ್ಧಕದ ಮೂಲಕ ಹಾಯಿಸಿ ಅದರ ನಾದವನ್ನು ಒರಟುಮಾಡಿಕೊಂಡಿದ್ದಾನೆ. ಸ್ವರಮೇಳಗಳು ಮೂರೇ. ಟಕ್ಕರಳ ಬಡಿತವು ಗಾಣದ ಎತ್ತಿನಂತೆ ಸುತ್ತುತ್ತಲೇ ಇದೆ. ಒಬ್ಬನು ಧ್ವನಿಯನ್ನು ಏರಿಸಿದರೆ ಮತ್ತೊಬ್ಬನು ಅವನನ್ನು ಮೀರಿಸುತ್ತಾನೆ. ನಡುವೆ ಒಂದು ಘಟ್ಟದಲ್ಲಿ ಆರ್ಗನ್ನು ಗಿಟಾರುಗಳೆರಡನ್ನೂ ನುಂಗಿ ಮೇಲೇಳುತ್ತದೆ. ಇಷ್ಟು ಕಾಲವಾದರೂ ಆಧಾರವು ಕದಲುವುದಿಲ್ಲ. ಇದನ್ನು ಅಜ್ಞಾನದ ಗದ್ದಲವೆನ್ನುವವರು ಮುದ್ರಣದ ಮೇಲ್ವಿಚಾರಕನಾಗಿದ್ದ ಟಾಮ್ ವಿಲ್ಸನನನ್ನು ನೆನೆಯಬೇಕು. ಸೆಸಿಲ್ ಟೇಲರ್, ಸನ್ ರಾ ಮುಂತಾದ ಜಾಸ್ ವಿದ್ವಾಂಸರನ್ನೂ ಬಾಬ್ ಡಿಲನ್ನನ್ನೂ ಮುದ್ರಿಸಿದ್ದ ಆತನಿಗೆ ಸೂಜಿಯು ಕೆಂಪುಗೆರೆಯನ್ನು ದಾಟುತ್ತಿದ್ದುದು ಕಾಣಿಸಲಿಲ್ಲವೆನ್ನುವುದು ಹೇಗೆ?

ಇನ್ನು ಅರ್ಥದ ವಿಚಾರ. ಈ ಹಾಡುಗಳ ವಸ್ತುವು ಹೇಯವೆಂಬುದರಲ್ಲಿ ಸಂಶಯವಿಲ್ಲ. ಮಾದಕದ್ರವ್ಯಗಳ ಉನ್ಮಾದವುಂಟು, ಕೊಲೆಯುಂಟು. ಸಿಸ್ಟರ್ ರೇ ಹಾಡಿನಲ್ಲಿ ಕುಡಿತ ಕಾಮಗಳ ನಡುವೆ ಒಬ್ಬ ನಾವಿಕನ ಕೊಲೆಯಾಗುತ್ತದೆ. ಅಲ್ಲಿದ್ದವರಿಗೆ ತೋಚುವ ಚಿಂತೆಯು ನೆಲದ ಜಮಖಾನೆಗೆ ಕಲೆಯಾಗುವುದೆಂಬುದು. ಮನೆಮಂದಿಯೆಲ್ಲ ಕುಳಿತು ಕೇಳತಕ್ಕ ಹಾಡಲ್ಲ. ಆದರೆ ಹೇಯವಸ್ತುವಿನಿಂದಲೇ ಕೃತಿಯು ಹೇಯವಾಗುವುದಾದರೆ, ಭರತಮುನಿಯು ಎಂಟು ರಸಗಳೊಳಗೆ ಬೀಭತ್ಸಕ್ಕೆ ಸ್ಥಾನವನ್ನು ಕೊಡುತ್ತಿರಲಿಲ್ಲ. ಭವಭೂತಿಯು ಮಾಲತೀಮಾಧವದ ಐದನೆಯ ಅಂಕದಲ್ಲಿ ನಾಯಕನನ್ನು ಶ್ಮಶಾನಕ್ಕೆ ಕಳುಹಿ ನರಮಾಂಸವನ್ನು ಮಾರಹೊರಡಿಸುತ್ತಿರಲಿಲ್ಲ. ಜನ್ನನು ಅಮೃತಮತಿಯನ್ನು ವಿಕಾರರೂಪಿಯಾದ ಮಾವಟಿಗನ ಬಳಿಗೆ ಒಯ್ಯುತ್ತಿರಲಿಲ್ಲ. ಜುಗುಪ್ಸೆಯು ಸ್ಥಾಯಿಯಾಗಬಲ್ಲುದು, ರಸವಾಗಿ ಪರಿಣಮಿಸಬಲ್ಲುದು. ಜಮಖಾನೆಯ ಮಾತನ್ನು ತಣ್ಣಗೆ ಹೇಳಿರುವುದೇ ಆ ಹಾಡಿನ ಭೀಕರತೆ. ಅಲ್ಲಿ ಉಪದೇಶದ ಒಂದು ವಾಕ್ಯವು ಸೇರಿದ್ದರೂ ಆ ಭೀಕರತೆಯು ಕರಗಿಹೋಗುತ್ತಿದ್ದಿತು.

ಅಭಿನವಗುಪ್ತರು ಏಳು ರಸವಿಘ್ನಗಳನ್ನು ಹೇಳುವಲ್ಲಿ ನಿಜಸುಖಾದಿಗಳಿಗೆ ವಶನಾಗುವುದನ್ನೂ ಒಂದಾಗಿ ಎಣಿಸಿದ್ದಾರೆ. ತನ್ನ ಸುಖದುಃಖಗಳಲ್ಲಿಯೇ ಮುಳುಗಿದವನು ಎದುರಿಗಿರುವ ಕೃತಿಯನ್ನು ಸವಿಯಲಾರನು. ಅಸಹ್ಯಪಟ್ಟು ಎದ್ದುಹೋದವನಿಗೆ ಈ ವಿಘ್ನವು ಉಂಟಾಯಿತೆಂಬುದು ಎಲ್ಲರಿಗೂ ಕಾಣುತ್ತದೆ. ಅಸಹ್ಯದಲ್ಲಿಯೇ ಹೊರಳಾಡಿ, ಇಂಥದನ್ನು ತಾನು ಸಹಿಸಬಲ್ಲೆನೆಂಬ ಹೆಮ್ಮೆಯಿಂದ ಹಿಗ್ಗುವವನಿಗೂ ಅದೇ ವಿಘ್ನವೆಂಬುದು ಅಷ್ಟು ಬೇಗ ಕಾಣುವುದಿಲ್ಲ. ಇಂದಿನ ಸ್ತುತಿಪಾಠಕರಲ್ಲಿ ಬಹುಮಂದಿ ಈ ಎರಡನೆಯ ಜಾತಿಯವರು. ಎಷ್ಟು ಕರ್ಕಶ, ಎಷ್ಟು ದುಸ್ಸಹ, ಎಷ್ಟು ನಿರ್ದಯ ಎಂದು ವಿಶೇಷಣಗಳನ್ನು ಪೇರಿಸುತ್ತಾರೆ. ಅವು ಕೃತಿಯ ವಿಶೇಷಣಗಳಲ್ಲ, ಬರೆದವನ ಧೈರ್ಯದ ಬಿರುದಾವಳಿ.

ಇಂಥ ಭಕ್ತಿಯಿಂದ ಕೃತಿಗೂ ಅನ್ಯಾಯವಾಗುತ್ತದೆ. ದೋಷವನ್ನು ದೋಷವೆನ್ನುವ ಅಧಿಕಾರವೇ ಹೋದರೆ ಗುಣವನ್ನು ಗುಣವೆನ್ನುವ ಮಾತಿಗೆ ಬೆಲೆಯುಂಟೆ? ಆರು ಹಾಡುಗಳೂ ಒಂದೇ ತೂಕದವಲ್ಲ. ಲೇಡಿ ಗೊಡೈವಾಸ್ ಆಪರೇಷನ್ ಎಂಬ ಹಾಡಿನ ಮೊದಲ ಭಾಗದಲ್ಲಿ ಕೇಲನ ಕಂಠವು ಹಿತವಾಗಿ ಸಾಗಿದರೆ, ಉತ್ತರಾರ್ಧದಲ್ಲಿ ರೀಡನು ನಡುನಡುವೆ ನುಗ್ಗಿ ಪದಗಳನ್ನು ಎಸೆಯುವುದು ಕುಚೇಷ್ಟೆಯಾಗಿಯೇ ಉಳಿದಿದೆ. ಐ ಹರ್ಡ್ ಹರ್ ಕಾಲ್ ಮೈ ನೇಮ್ ಹಾಡಿನಲ್ಲಿ ರೀಡನ ಗಿಟಾರು ಕಿತ್ತುಕೊಂಡು ಓಡುವ ಕ್ಷಣವು ಅದ್ಭುತ, ನಿಜ. ಆದರೆ ಅದೊಂದನ್ನೇ ಮುಂದಕ್ಕೆ ಎಳೆದು ಉಳಿದ ವಾದ್ಯಗಳನ್ನು ಹಿಂದಕ್ಕೆ ನೂಕಿರುವುದರಿಂದ ಹಾಡಿನ ಮೈ ಸೊರಗಿದೆ. ಈ ಮಿಶ್ರಣವು ಕೆಟ್ಟಿತೆಂದು ತಂಡದವನೇ ಆದ ಮಾರಿಸನನು ಮುಂದೆ ದೂರಿದನು. ನುಡಿಸಿದವನು ಒಪ್ಪಿಕೊಂಡ ದೋಷವನ್ನು ಕೇಳಿದವನು ಒಪ್ಪದಿರುವುದು ಭಕ್ತಿಯ ವಿಚಿತ್ರ ಮಹಿಮೆ. ಹೀರ್ ಷಿ ಕಮ್ಸ್ ನೌ ಎಂಬುದು ಎರಡು ನಿಮಿಷಗಳ ಮೃದುವಾದ ಹಾಡು. ಗದ್ದಲದ ಸಿದ್ಧಾಂತಕ್ಕೆ ಒಗ್ಗದುದರಿಂದ ಅದನ್ನು ಹೆಚ್ಚಿನವರು ಹೆಸರಿಸುವುದೂ ಇಲ್ಲ.

ದಿ ಗಿಫ್ಟ್ ಎಂಬ ಎರಡನೆಯ ಹಾಡಿನ ವಿಚಾರದಲ್ಲಂತೂ ಅಲಕ್ಷ್ಯವು ಇನ್ನೂ ಹೆಚ್ಚಿನದು. ಅದು ಹಾಡೇ ಅಲ್ಲ. ರೀಡನು ವಿದ್ಯಾರ್ಥಿಯಾಗಿದ್ದಾಗ ಬರೆದ ಕಥೆಯೊಂದನ್ನು ಕೇಲನು ಎಂಟು ನಿಮಿಷಗಳ ಕಾಲ ನಿರ್ವಿಕಾರವಾಗಿ ಓದುತ್ತಾನೆ. ದೂರದಲ್ಲಿರುವ ಪ್ರೇಯಸಿಯನ್ನು ಕಾಣಲು ಹಣವಿಲ್ಲದ ತರುಣನು ತನ್ನನ್ನೇ ಪೆಟ್ಟಿಗೆಯಲ್ಲಿ ತುಂಬಿಸಿಕೊಂಡು ಅಂಚೆಯಲ್ಲಿ ಹೋಗುತ್ತಾನೆ. ಪೆಟ್ಟಿಗೆಯನ್ನು ಸೀಳುವ ಆಯುಧವು ಅವನ ತಲೆಯನ್ನೂ ಸೀಳುತ್ತದೆ. ಕಥೆಯು ಎಡಗಡೆಯ ಧ್ವನಿಪೆಟ್ಟಿಗೆಯಿಂದಲೂ ವಾದ್ಯಗಳು ಬಲಗಡೆಯದರಿಂದಲೂ ಹೊರಡುವಂತೆ ಮುದ್ರಿಸಿದ್ದಾರೆ. ಒಂದನ್ನು ಮುಚ್ಚಿದರೆ ಕಥೆ, ಇನ್ನೊಂದನ್ನು ಮುಚ್ಚಿದರೆ ಸಂಗೀತ. ಎರಡನ್ನೂ ತೆರೆದು ನಡುವೆ ಕುಳಿತವನಿಗೆ ಆ ದಾರುಣವು ಏನೂ ಆಗದಂತೆ ಸಾಗುತ್ತಿರುವ ತಾಳದ ಪಕ್ಕದಲ್ಲಿಯೇ ನಡೆಯುತ್ತದೆ. ಪ್ರಕಾಶಕರು 2013ರ ಡಿಸೆಂಬರಿನಲ್ಲಿ ಹೊರಡಿಸಿದ 45ನೆಯ ವರ್ಷದ ವಿಶೇಷ ಆವೃತ್ತಿಯಲ್ಲಿ ಕಥೆಯನ್ನು ಬೇರೆಯಾಗಿ, ವಾದ್ಯವನ್ನು ಬೇರೆಯಾಗಿ ಎರಡು ತುಂಡುಮಾಡಿ ಕೊಟ್ಟರು. ಎಡಬಲದ ಗುಂಡಿಯನ್ನು ತಿರುಗಿಸಿ ಶ್ರೋತೃವು ತಾನೇ ಮಾಡಿಕೊಳ್ಳಬಹುದಾಗಿದ್ದ ಕೆಲಸಕ್ಕೆ ಹೆಚ್ಚಿನ ಬೆಲೆಯನ್ನು ತೆತ್ತು ಕೊಂಡವರು, ಕುರ್ಚಿಯನ್ನು ಎರಡು ಪೆಟ್ಟಿಗೆಗಳ ನಡುವಿಗೆ ಎಳೆದುಕೊಂಡು ಹಳೆಯ ಪ್ಲೇಟನ್ನೇ ಮತ್ತೊಮ್ಮೆ ಹಾಕಿ ಕೇಳಬಹುದು.